ಮಾರುವೇಷದ ಗಿರಾಕಿಯನ್ನು ನೀವೇ ಕರೆಯಿರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪೆಟ್ರೋಲ್ ಬಂಕ್ ಮಾಲೀಕರಿಗೊಂದು ಬಹಿರಂಗ ಪತ್ರ



ನಿಮ್ಮ ಬಂಕಿಗೆ ವರ್ಷದುದ್ದಕ್ಕೂ ತಪಾಸಣೆಯವರು ಬರುತ್ತಲೇ ಇರುತ್ತಾರೆ. ತೈಲ ಕಂಪನಿಯ ಸೇಲ್ಸ್ ಆಫೀಸರ್ ಬರುತ್ತಾರೆ, ಸಂಚಾರಿ ಪ್ರಯೋಗಾಲಯದ ವ್ಯಾನ್ ಬರುತ್ತದೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಯಂತ್ರಕ್ಕೆ ಮುದ್ರೆ ಹಾಕಿ ಹೋಗುತ್ತಾರೆ. ಇವರಲ್ಲದೆ, ಯಾರೆಂದು ನಿಮಗೆ ತಿಳಿಯದಂತೆ ಬಂದುಹೋಗುವವರೂ ಇದ್ದಾರೆ. ಎಲ್ಲರ ಹಾಗೆ ಗಾಡಿ ನಿಲ್ಲಿಸಿ, ಇನ್ನೂರರ ಪೆಟ್ರೋಲ್ ಹಾಕಿಸಿ, ಹುಡುಗ ಸೊನ್ನೆ ತೋರಿಸಿದನೇ, ಬಿಲ್ ಕೊಟ್ಟನೇ, ಗಾಳಿಯ ಯಂತ್ರ ಕೆಲಸ ಮಾಡುತ್ತಿತ್ತೇ, ಶೌಚಾಲಯಕ್ಕೆ ಬೀಗವಿತ್ತೇ ಎಂದು ನೋಡಿಕೊಂಡು, ಆಚೆ ಹೋಗಿ ವರದಿ ತುಂಬಿ ಕಳಿಸುವವರು. ಕಂಪನಿಗಳು ಮೂರನೆಯವರಿಗೆ ಗುತ್ತಿಗೆ ಕೊಟ್ಟು ಮಾಡಿಸುವ ಈ ಕೆಲಸಕ್ಕೆ ಮಿಸ್ಟರಿ ಆಡಿಟ್ ಎಂದು ಹೆಸರು. ಕೆಲಸ ಮಾಡುವವರನ್ನು ಈ ಪತ್ರದಲ್ಲಿ ಮಾರುವೇಷದ ಗಿರಾಕಿ ಎಂದು ಕರೆಯುತ್ತೇನೆ. ನನ್ನ ಕೋರಿಕೆ ಏನೆಂದರೆ, ಈ ಗಿರಾಕಿಯನ್ನು ಕಂಪನಿ ಕಳಿಸಲಿ ಎಂದು ಕಾಯಬೇಡಿ. ನಾಲ್ಕು ಊರಿನ ಬಂಕ್ ಮಾಲೀಕರು ಒಟ್ಟಾಗಿ ನೀವೇ ಕರೆಯಿರಿ. ಈ ಊರುಗಳ ಜನರ ನಡುವಿನಿಂದಲೇ ಕರೆಯಿರಿ. ಅವರು ಬರೆದದ್ದು ಕಂಪನಿಯ ಕಡತದಲ್ಲಿ ಮಲಗಲು ಬಿಡದೆ ಬಂಕಿನ ಗೋಡೆಯ ಮೇಲೆ ಅಂಟಿಸಿ.

ಈ ಪದ್ಧತಿ ಬೆಳೆದದ್ದೇ ಅಪರಿಚಿತರ ವ್ಯಾಪಾರದಲ್ಲಿ. ಅಮೆರಿಕದಲ್ಲಿ 1940ರ ದಶಕದ ಹೊತ್ತಿಗೆ ಇದಕ್ಕೊಂದು ಹೆಸರೂ ಉದ್ಯಮದ ರೂಪವೂ ಬಂದಿದ್ದವು. ಅಂಗಡಿ, ಬ್ಯಾಂಕುಗಳ ನೌಕರರು ಗಲ್ಲಾಪೆಟ್ಟಿಗೆಗೆ ಕೈಹಾಕುತ್ತಾರೆಯೇ ಎಂದು ನೋಡಲು ಶುರುವಾದದ್ದು ಆಮೇಲೆ ಹೆದ್ದಾರಿಯ ಬಂಕುಗಳಿಗೂ ಹಬ್ಬಿತು. ದೂರದ ಪ್ರಯಾಣ ಹೊರಟವರು ದಾರಿಯ ಬಂಕುಗಳನ್ನು ಹೀಗೆ ಪರೀಕ್ಷಿಸುತ್ತ, ಸಿಕ್ಕ ಹಣದಲ್ಲಿ ಪೆಟ್ರೋಲಿನ ಖರ್ಚು ತೂಗಿಸಿಕೊಳ್ಳುವುದು ಅಲ್ಲಿ ಇಂದಿಗೂ ಉಂಟು. ದಾರಿಹೋಕ ಒಮ್ಮೆ ಬರುತ್ತಾನೆ, ಮತ್ತೆ ಬರುವ ಖಾತ್ರಿಯಿಲ್ಲ. ಮೋಸವಾದರೆ ಮುಂದಿನ ವಾರ ಬೇರೆ ಬಂಕಿಗೆ ಹೋಗಿ ಸೇಡು ತೀರಿಸಿಕೊಳ್ಳುವ ಅವಕಾಶವೂ ಅವನಿಗಿಲ್ಲ. ಅವನು ನಂಬುವುದು ಬಂಕಿನವರನ್ನಲ್ಲ, ಮೇಲಿನ ಬೋರ್ಡನ್ನು. ಆ ಬೋರ್ಡಿನ ಮಾನ ಕಾಯಲು ಕಂಪನಿ ದಾರಿಹೋಕನ ವೇಷದಲ್ಲಿ ತನ್ನವರನ್ನು ಕಳಿಸುತ್ತದೆ. ನಮ್ಮಲ್ಲೂ ನಡೆದದ್ದು ಅದೇ. 2001ರಲ್ಲಿ ಭಾರತ್ ಪೆಟ್ರೋಲಿಯಂ ‘ಪ್ಯೂರ್ ಫಾರ್ ಶ್ಯೂರ್’ ಎಂಬ ಖಾತರಿಯೊಂದಿಗೆ ಬಂದಾಗ ಗಿರಾಕಿ ನಂಬಬೇಕಾದದ್ದು ಬೋರ್ಡನ್ನೇ ಎಂದಾಯಿತು. ಹಿಂದೆಯೇ ಉಳಿದ ಕಂಪನಿಗಳೂ ತಮ್ಮ ತಮ್ಮ ಮುದ್ರೆಗಳನ್ನು ತಂದವು. ಬಂಕಿನವರನ್ನೇ ಬಲ್ಲ ಊರಿನ ಗಿರಾಕಿಗಿಂತ ಅಪರಿಚಿತನಿಗೇ ಹೊಂದುವ ಲೆಕ್ಕ ಅದು.

ಈಗ ನಿಮ್ಮ ರಸ್ತೆಗಳಲ್ಲಿ ಆ ಲೆಕ್ಕವೇ ತಲೆಕೆಳಗಾಗಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿಂದಲೇ ಬಳಸಿಕೊಂಡು ಹೋಗುವ ಆ ಸುಮಾರು 119 ಕಿಲೋಮೀಟರ್ ರಸ್ತೆ ಹಳೆಯ ಹೆದ್ದಾರಿಯ ವ್ಯಾಪಾರವನ್ನು ಎತ್ತಿಕೊಂಡು ಹೋಯಿತು. ಗೊಂಬೆ ಅಂಗಡಿಯವರ ಅಳಲು, ತಟ್ಟೆ ಇಡ್ಲಿಯವರ ಅಳಲು, ಮದ್ದೂರು ವಡೆಯವರ ಅಳಲು ಪತ್ರಿಕೆಗಳಲ್ಲಿ ಬಂತು. ಬಂಕಿನವರದು ಅಷ್ಟಾಗಿ ಬರಲಿಲ್ಲ, ಬಂಕಿನವರ ಬಗ್ಗೆ ಮರುಕ ತೋರುವುದು ನಮ್ಮ ಪತ್ರಿಕೋದ್ಯಮದ ಅಭ್ಯಾಸವಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೊಸ ರಸ್ತೆಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲದಂತಾಯಿತು. ಹಾಗಾಗಿ ರಾಮನಗರ, ಚನ್ನಪಟ್ಟಣಗಳ ಒಳಗಿನ ಬಂಕುಗಳಿಗೆ ಉಳಿದವರು ಮುಖ್ಯವಾಗಿ ಊರವರು: ರೇಷ್ಮೆ ಗೂಡು ತಂದ ಟೆಂಪೋದವರು, ಆಟೋದವರು, ಬಿಡದಿಯ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗಿಬರುವವರು, ಟಿಲ್ಲರಿಗೆ ಡೀಸೆಲ್ ಬೇಕಾದ ರೈತರು. ಕನಕಪುರ, ಮಾಗಡಿಯ ಕಡೆ ಕತೆ ಬೇರೆ. ಅಲ್ಲಿ ವಾರದ ದಿನಗಳಲ್ಲಿ ಊರವರು, ಶನಿವಾರ ಭಾನುವಾರ ಸಂಗಮ, ಮೇಕೆದಾಟು, ಚುಂಚಿ ಜಲಪಾತ, ಸಾವನದುರ್ಗ, ಮಂಚನಬೆಲೆಗೆ ಹೊರಟ ಬೆಂಗಳೂರಿನವರು. ಒಂದೇ ಬಂಕು ವಾರದಲ್ಲಿ ಐದು ದಿನ ಪರಿಚಿತರಿಗೂ ಎರಡು ದಿನ ಅಪರಿಚಿತರಿಗೂ ಪೆಟ್ರೋಲ್ ಹಾಕುತ್ತದೆ. ಕಂಪನಿಯ ಪರೀಕ್ಷಕ ಒಂದು ಮಧ್ಯಾಹ್ನ ಕಾರಿನಲ್ಲಿ ಬಂದು ಹೋದರೆ ಈ ಎರಡು ಜಗತ್ತಿನಲ್ಲಿ ಅವನಿಗೆ ಕಾಣುವುದು ಎಷ್ಟು?

ಊರ ಗಿರಾಕಿಗೆ ನಿಮ್ಮ ಪರಿಚಯ ಇರುತ್ತದೆ, ಅವನಿಗೇಕೆ ವರದಿ ಎಂದು ನೀವು ಕೇಳಬಹುದು. ಪರಿಚಯದಿಂದ ಅನುಮಾನ ಹೋಗುವುದಿಲ್ಲ, ಅನುಮಾನವನ್ನು ಎದುರಿಗೆ ಹೇಳುವ ಸ್ವಾತಂತ್ರ್ಯ ಮಾತ್ರ ಹೋಗುತ್ತದೆ. ನಾಲ್ಕು ಊರಲ್ಲೂ ಯಾವ ಬಂಕಿನಲ್ಲಿ ಅಳತೆ ಸರಿ, ಯಾವುದರಲ್ಲಿ ಕಡಿಮೆ ಎಂಬ ಬಗ್ಗೆ ಜನ ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತಾರೆ. ಆ ಪಟ್ಟಿಗೆ ಆಧಾರವೇ ಇರುವುದಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆ ಬರಬಹುದು ಎಂದು ನಿಯಮವೇ ಒಪ್ಪುತ್ತದೆ. ಅಂದರೆ ನೂರಕ್ಕೆ ಅರ್ಧ ಪಾಲು. ಒಂದು ಲೀಟರ್ ಕೊಳ್ಳುವವನ ಮಟ್ಟಿಗೆ ಅದು ಐದು ಮಿಲಿಲೀಟರ್, ಒಂದು ಚಮಚೆ. ಯಾವ ಬೈಕಿನ ಟ್ಯಾಂಕೂ ಯಾವ ಮೈಲೇಜಿನ ಲೆಕ್ಕವೂ ಅದನ್ನು ಹಿಡಿಯಲಾರದು. ಆದರೆ ದಿನಕ್ಕೆ 4,000 ಲೀಟರ್ ಮಾರುವ ಬಂಕು ಎಂದಿಟ್ಟುಕೊಂಡರೆ ಅದೇ ಚಮಚೆ 20 ಲೀಟರ್ ಆಗುತ್ತದೆ. ಕೊಳ್ಳುವವನಿಗೆ ಕಾಣದಷ್ಟು ಚಿಕ್ಕದು, ಮಾರುವವನಿಗೆ ಕಾಣುವಷ್ಟು ದೊಡ್ಡದು. ಈ ಅಂತರದಲ್ಲೇ ಊರಿನ ಅನುಮಾನವೆಲ್ಲ ಹುಟ್ಟುವುದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತ ತನ್ನ ಗೂಡು ತೂಗುವಾಗ ಎದುರಿಗೆ ನಿಂತಿರುತ್ತಾನೆ, ಅಂಕಿಯನ್ನು ತನ್ನ ಕಣ್ಣಲ್ಲಿ ಓದುತ್ತಾನೆ. ಅಲ್ಲಿ ಅವನಿಗೆ ಕಾಣುವುದು ವಸ್ತು ಮತ್ತು ತೂಕ ಎರಡೂ. ಬಂಕಿನಲ್ಲಿ ಕಾಣುವುದು ಅಂಕಿ ಮಾತ್ರ, ವಸ್ತು ಪೈಪಿನೊಳಗೇ ಹರಿದು ಟ್ಯಾಂಕಿನ ಕತ್ತಲಿಗೆ ಹೋಗುತ್ತದೆ. ಪ್ರಾಮಾಣಿಕ ಮಾಲೀಕನಿಗೂ ತಾನು ಪ್ರಾಮಾಣಿಕ ಎಂದು ತೋರಿಸುವ ದಾರಿ ಇಲ್ಲದಿರುವುದು ಈ ವ್ಯಾಪಾರದ ದುರದೃಷ್ಟ. ನಿಮ್ಮಲ್ಲಿ ಹೆಚ್ಚಿನವರು ಅಂಥವರೇ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಸರ್ಕಾರದ ಮುದ್ರೆ ಇರುವಾಗ ಇದೆಲ್ಲ ಯಾಕೆ ಎಂಬುದು ನಿಮ್ಮ ಮೊದಲ ಆಕ್ಷೇಪವಾಗಿರುತ್ತದೆ. ಮುದ್ರೆಯ ವಿಚಾರ ಹಳೆಯದು. ಮೈಸೂರಿನ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ ಲೋಕಕ್ಕೆ ಗೊತ್ತಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೇ ಒಬ್ಬ ಅಧ್ಯಕ್ಷನಿದ್ದಾನೆ, ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬ ಕಟ್ಟಳೆಯಿದೆ. ಅದೇ ಗ್ರಂಥ ವ್ಯಾಪಾರಿಗಳ ವೇಷದ ಗೂಢಚಾರರನ್ನೂ ನೇಮಿಸುತ್ತದೆ. ಮುದ್ರೆಯೊಂದೇ ಸಾಲದು ಎಂಬುದು ಆ ಕಾಲಕ್ಕೇ ಗೊತ್ತಿತ್ತು. ಇಂದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ನಿಮ್ಮ ಯಂತ್ರಗಳಿಗೆ ವರ್ಷಕ್ಕೊಮ್ಮೆ ಪರಿಶೀಲನೆ, ಮುದ್ರೆ. ಮುದ್ರೆ ಹೇಳುವುದು, ಆ ದಿನ ಆ ಹೊತ್ತಿನಲ್ಲಿ ಯಂತ್ರ ಸರಿಯಿತ್ತು ಎಂದಷ್ಟೇ. 2017ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪೊಲೀಸರು ಬಂಕುಗಳ ಮೇಲೆ ದಾಳಿ ಮಾಡಿದಾಗ ಅಳತೆಯನ್ನು ರಿಮೋಟಿನಿಂದ ಕಡಿಮೆ ಮಾಡುವ ಚಿಪ್ಪುಗಳು ಯಂತ್ರಗಳ ಹೊಟ್ಟೆಯಲ್ಲೇ ಸಿಕ್ಕವು. ತಪಾಸಣೆಯವರು ಬಂದಾಗ ಒಂದು ಗುಂಡಿ, ಹೋದಾಗ ಇನ್ನೊಂದು ಗುಂಡಿ. ಗೊತ್ತಿರುವ ತಪಾಸಣೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದು ಅಳೆಯುವುದು ತಪಾಸಣೆಯ ದಿನದ ನಡತೆಯನ್ನು. ಜೀಪು ಗೇಟಿನಲ್ಲಿ ಕಂಡ ಕೂಡಲೇ ಫಿಲ್ಟರ್ ಪೇಪರ್ ಹೊರಗೆ ಬರುತ್ತದೆ, ಶೌಚಾಲಯದ ಬೀಗ ತೆಗೆಯುತ್ತದೆ, ಕುಡಿಯುವ ನೀರಿನ ಕ್ಯಾನ್ ತುಂಬುತ್ತದೆ. ಇದು ಬಂಕಿನವರ ದುರ್ಗುಣವಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಸರ್ಕಾರಿ ಶಾಲೆಯೂ ಹೀಗೇ ಇರುತ್ತದೆ.

ಗೊತ್ತಿರುವ ತಪಾಸಣೆಗೆ ಇನ್ನೊಂದು ಕೊರತೆಯಿದೆ, ಅದನ್ನು ನೆನೆಯುವಾಗ ಕರ್ನಾಟಕದ ಒಬ್ಬ ಯುವಕನ ಹೆಸರು ಹೇಳದೆ ಮುಂದೆ ಹೋಗಲಾಗುವುದಿಲ್ಲ. ಕೆಜಿಎಫ್‌ನಲ್ಲಿ ಬೆಳೆದು, ನಿಮ್ಮ ಇದೇ ರಸ್ತೆಯ ಕೊನೆಯ ಮೈಸೂರಿನಲ್ಲಿ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂ ಸೇರಿ, ಇಂಡಿಯನ್ ಆಯಿಲ್‌ನ ಸೇಲ್ಸ್ ಆಫೀಸರ್ ಆಗಿದ್ದ ಮಂಜುನಾಥ್ ಷಣ್ಮುಗಂ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕೊಂದಕ್ಕೆ ಬೀಗ ಹಾಕಿಸಿದ. ಅದು ಮತ್ತೆ ತೆರೆದಾಗ ಮತ್ತೆ ಪರೀಕ್ಷೆಗೆ ಹೋದ. 2005ರ ನವೆಂಬರ್ 19ರಂದು ಅವನನ್ನು ಗುಂಡಿಕ್ಕಿ ಕೊಂದರು. ಆಗ ಅವನಿಗೆ 27 ವರ್ಷ. ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಕತೆಯನ್ನು ನಮ್ಮ ಬಂಕುಗಳ ಮೇಲೆ ಹೊರಿಸುವ ಉದ್ದೇಶ ನನಗಿಲ್ಲ, ಅಲ್ಲಿಯದು ಅಲ್ಲಿಯದೇ. ಆದರೆ ಒಂದು ಪ್ರದೇಶದ ಬಂಕುಗಳ ಸತ್ಯಾಸತ್ಯವೆಲ್ಲ ಹೆಸರು, ಮುಖ, ಮೊಬೈಲ್ ನಂಬರ್ ಎಲ್ಲರಿಗೂ ಗೊತ್ತಿರುವ ಒಬ್ಬ ಅಧಿಕಾರಿಯ ಧೈರ್ಯದ ಮೇಲೆ ನಿಂತಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಎಲ್ಲ ಕಡೆಯೂ ಗುಂಡು ಹಾರಬೇಕಿಲ್ಲ. ಊಟ, ಉಡುಗೊರೆ, ವರ್ಗಾವಣೆಯ ಮಾತು ಸಾಕಾಗುತ್ತದೆ. ಅದೇ ಕಣ್ಣನ್ನು ಮೂವತ್ತು ನಲವತ್ತು ಮಂದಿ ಹೆಸರಿಲ್ಲದವರಿಗೆ ಹಂಚಿದರೆ ಯಾರನ್ನು ಹೆದರಿಸುವುದು, ಯಾರಿಗೆ ಊಟ ಕೊಡಿಸುವುದು?

ಆದರೆ ಮಾರುವೇಷದ ಗಿರಾಕಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೊದಲೇ ಬೇರೆ ಮಾಡಿಕೊಳ್ಳಬೇಕು. ಹತ್ತು ಮಿಲಿಲೀಟರ್ ಕಡಿಮೆ ಬಂತೆಂದು ಅವನು ಹೇಳಲಾರ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ವಿಡಿಯೋ ಮಾಡಿ ಮೋಸ ಬಯಲಿಗೆಳೆದೆ ಎನ್ನುವವರು ಅಳತೆಯನ್ನೂ ತಿಳಿಯದವರು, ಅಪಾಯವನ್ನೂ ತಿಳಿಯದವರು. ಅಳತೆಗೆ ಮುದ್ರೆಯುಳ್ಳ ಐದು ಲೀಟರಿನ ಮಾಪಕವಿದೆ, ಅದು ಪ್ರತಿ ಬಂಕಿನಲ್ಲೂ ಇರಬೇಕು, ಗಿರಾಕಿ ಕೇಳಿದರೆ ಎದುರಿಗೇ ಅಳೆದು ತೋರಿಸಬೇಕು ಎಂಬುದು ತೈಲ ಕಂಪನಿಗಳ ಮಾರ್ಗಸೂಚಿ. ಕಲಬೆರಕೆಯ ಅನುಮಾನಕ್ಕೆ ಫಿಲ್ಟರ್ ಪೇಪರ್ ಇದೆ: ನಾಜಲ್‌ನಿಂದ ಒಂದು ಹನಿ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಕಲೆಯಿಲ್ಲದೆ ಆರಬೇಕು. ಸಾಂದ್ರತೆ ನೋಡಲು ಹೈಡ್ರೋಮೀಟರ್, ಥರ್ಮಾಮೀಟರ್, ಜಾಡಿ ಇವೆ. ಚಲನ್ನಿನಲ್ಲಿ ಬರೆದ ಸಾಂದ್ರತೆಗೂ ಟ್ಯಾಂಕಿನಲ್ಲಿರುವುದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತು ಬರುವ ಈ ದಿನಗಳಲ್ಲಿ, ನೆಲದಡಿಯ ಟ್ಯಾಂಕಿಗೆ ಮಳೆ ನೀರು ಇಳಿದರೆ ಎಥನಾಲ್ ಅದನ್ನು ಹೀರಿ ತಳಕ್ಕೆ ಕೂರುತ್ತದೆಯಾದ್ದರಿಂದ, ಈ ಪರೀಕ್ಷೆಗಳ ಬೆಲೆ ಮೊದಲಿಗಿಂತ ಹೆಚ್ಚಾಗಿದೆ. ಇವನ್ನು ಮಾಡುವುದು ಮಾರುವೇಷದ ಗಿರಾಕಿಯ ಕೆಲಸವಲ್ಲ. ಅವನು ನೋಡಬೇಕಾದದ್ದು ಬೇರೆ: ಕೇಳಿದಾಗ ಇವು ಹೊರಗೆ ಬರುತ್ತವೆಯೇ, ಅಥವಾ ‘ಮ್ಯಾನೇಜರ್ ಇಲ್ಲ ಸಾರ್, ನಾಳೆ ಬನ್ನಿ’ ಎಂಬ ಉತ್ತರ ಬರುತ್ತದೆಯೇ? ಹಕ್ಕು ಬೋರ್ಡಿನ ಮೇಲಿದೆಯೇ, ಕೌಂಟರಿನಲ್ಲೂ ಇದೆಯೇ ಎಂಬುದು ಕೇಳಿನೋಡಿದರೆ ಮಾತ್ರ ಗೊತ್ತಾಗುತ್ತದೆ. ಸಾಮಾನ್ಯ ಗಿರಾಕಿ ಕೇಳುವುದಿಲ್ಲ. ಹಿಂದೆ ಆರು ಬೈಕು ಹಾರ್ನ್ ಹೊಡೆಯುತ್ತಿರುವಾಗ ಐದು ಲೀಟರಿನ ಮಾಪಕ ತನ್ನಿ ಎನ್ನಲು ಎಂಥವನಿಗೂ ನಾಚಿಕೆ.

ಇನ್ನೂ ಚಿಕ್ಕವು ಎನಿಸುವ ಸಂಗತಿಗಳಿವೆ, ಜನರ ಸಿಟ್ಟು ಇರುವುದು ಅವುಗಳಲ್ಲೇ. ಇನ್ನೂರು ಎಂದರೆ ನೂರಕ್ಕೆ ನಿಲ್ಲಿಸಿ, ಮಾತಿಗೆಳೆದು, ಸೊನ್ನೆಗೆ ತರದೆ ಮುಂದುವರಿಸುವುದು. ಸಾದಾ ಪೆಟ್ರೋಲ್ ಕೇಳಿದವನಿಗೆ ಹೇಳದೆ ಕೇಳದೆ ದುಬಾರಿ ಪೆಟ್ರೋಲಿನ ನಾಜಲ್ ತುರುಕುವುದು. ಸ್ಕೂಟರಿನ ಹೆಣ್ಣುಮಗಳಿಗೆ ಎಂಜಿನ್ ಆಯಿಲ್ ಹಾಳಾಗಿದೆ ಎಂದು ಹೆದರಿಸಿ ಡಬ್ಬಿ ಮಾರುವುದು. ಗಾಳಿ ಉಚಿತ ಎಂದು ಬರೆದ ಬೋರ್ಡಿನ ಕೆಳಗೆ ಕೈ ಚಾಚುವುದು. ಬಿಲ್ ಕೇಳಿದರೆ ಯಂತ್ರದಲ್ಲಿ ಕಾಗದ ಮುಗಿದಿದೆ ಎನ್ನುವುದು. ಎಲ್ಲ ಬಂಕಿನಲ್ಲೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ಈಗ ಯಾರೂ ಹೇಳಲಾರರು, ನೀವೂ ಸೇರಿ. ನೀವು ಕ್ಯಾಬಿನ್ನಿನಲ್ಲಿ ಕೂತು ನೋಡಿದರೂ ನಾಜಲ್ ಬಳಿ ನಿಮ್ಮ ಕಣ್ಣಿಗೆ ಬೀಳುವುದು ಮಾಲೀಕರ ಎದುರಿನ ನಡತೆ ಮಾತ್ರ.

ಶೌಚಾಲಯದ ಮಾತು ಬೇರೆಯಾಗಿಯೇ ಆಡಬೇಕು. ಎಕ್ಸ್‌ಪ್ರೆಸ್‌ವೇ ತೆರೆದಾಗ ಮೊದಲು ಬಂದ ದೂರುಗಳಲ್ಲಿ ಒಂದು, ದಾರಿಯಲ್ಲಿ ಶೌಚಾಲಯವಿಲ್ಲ ಎಂಬುದು. ಹಳೆಯ ರಸ್ತೆಯಲ್ಲಿ ಆ ಭಾರವನ್ನು ಸಾಕಷ್ಟು ಹೊತ್ತಿದ್ದವು ನಿಮ್ಮ ಬಂಕುಗಳೇ, ಅದಕ್ಕೆ ನಿಮಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಬಂಕಿನ ಶೌಚಾಲಯ ಸಾರ್ವಜನಿಕ ಆಸ್ತಿಯೇ ಎಂಬ ಜಗಳ ಕೇರಳದಲ್ಲಿ ಹೈಕೋರ್ಟ್ ಮೆಟ್ಟಿಲೇರಿತು, 2025ರ ಜೂನ್‌ನಲ್ಲಿ ಬಂಕ್ ಮಾಲೀಕರ ಪರವಾಗಿ ಮಧ್ಯಂತರ ಆದೇಶವೂ ಬಂತು, ಹೆದ್ದಾರಿ ಬಂಕುಗಳ ಮಟ್ಟಿಗೆ ಆಮೇಲೆ ಅದು ಸಡಿಲವೂ ಆಯಿತು. ಆ ಜಗಳದಲ್ಲಿ ಎರಡು ಪಕ್ಷದವರೂ ಒಪ್ಪುವ ಮಾತೊಂದಿದೆ: ಪೆಟ್ರೋಲ್ ಹಾಕಿಸಿದವರಿಗಂತೂ ಶೌಚಾಲಯ ಸಿಗಬೇಕು. ಮಾರುವೇಷದ ಗಿರಾಕಿ ಪೆಟ್ರೋಲ್ ಹಾಕಿಸಿದವನೇ. ಇಲ್ಲಿ ನನಗೆ ಮುಖ್ಯವೆನಿಸುವುದು, ಆ ಗಿರಾಕಿ ಹೆಂಗಸಾಗಿರಬೇಕು ಎಂಬುದು. ಬೀಗದ ಕೈ ಯಾರ ಹತ್ತಿರವಿದೆ ಎಂದು ನಾಲ್ಕು ಗಂಡಸರ ನಡುವೆ ನಿಂತು ಕೇಳುವುದು ಎಂಥದು, ಒಳಗಿನ ಚಿಲಕ ಬೀಳುತ್ತದೆಯೇ, ಸಂಜೆ ಏಳರ ಮೇಲೆ ಅಲ್ಲಿ ದೀಪವಿದೆಯೇ ಎಂಬುದನ್ನು ಸೇಲ್ಸ್ ಆಫೀಸರ್‌ನ ನಮೂನೆಯಲ್ಲಿರುವ ‘ಸ್ವಚ್ಛ: ಹೌದು/ಇಲ್ಲ’ ಎಂಬ ಸಾಲು ಹಿಡಿಯುವುದಿಲ್ಲ. ಹಾರೋಹಳ್ಳಿ, ಬಿಡದಿಯ ಕೈಗಾರಿಕಾ ಪ್ರದೇಶಗಳಿಗೆ ಸ್ಕೂಟರಿನಲ್ಲಿ ಓಡಾಡುವ ಹೆಣ್ಣುಮಕ್ಕಳು ಈ ಪರೀಕ್ಷೆಯನ್ನು ಯಾವ ತರಬೇತಿಯೂ ಇಲ್ಲದೆ ಮಾಡಬಲ್ಲರು.

ದೂರು ಪುಸ್ತಕ ಇದೆಯಲ್ಲ ಎನ್ನಬಹುದು. ಇದೆ. ಅದನ್ನು ಕೇಳಬೇಕು, ಕೇಳಿದವನನ್ನು ಬಂಕಿನವರೆಲ್ಲ ತಿರುಗಿ ನೋಡುತ್ತಾರೆ, ಬರೆದವನ ಹೆಸರು ವಿಳಾಸ ಅದರಲ್ಲಿ ಉಳಿಯುತ್ತದೆ. ಬೆಂಗಳೂರಿನವನಿಗೆ ಸಮಯವಿಲ್ಲ, ಊರವನಿಗೆ ನಾಳೆ ಮತ್ತೆ ಅಲ್ಲಿಗೇ ಬರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವವರೂ ದೊಡ್ಡ ಮೊತ್ತ ಕಳೆದುಕೊಂಡಾಗ ಮಾಡುತ್ತಾರೆ, ಐದು ರೂಪಾಯಿಯ ಗಾಳಿಗಾಗಿ ಮಾಡುವುದಿಲ್ಲ. ಹೀಗಾಗಿ ಖಾಲಿ ದೂರು ಪುಸ್ತಕ ತೃಪ್ತ ಗಿರಾಕಿಗಳ ಸಾಕ್ಷಿಯಲ್ಲ. ಅದನ್ನು ಹಾಗೆಂದು ಓದುವ ಮಾಲೀಕರು ತಮಗೇ ಮೋಸ ಮಾಡಿಕೊಳ್ಳುತ್ತಾರೆ.

ನಿಮ್ಮ ಆಕ್ಷೇಪಗಳಲ್ಲಿ ನನಗೆ ನಿಜವಾಗಿ ತೂಕದ್ದು ಎನಿಸುವುದು ಬ್ಲ್ಯಾಕ್‌ಮೇಲಿನ ಭಯ. ನಕಲಿ ಪತ್ರಕರ್ತರು, ಅರ್ಜಿ ಹಿಡಿದು ಬರುವ ವಸೂಲಿಗಾರರು, ಯೂಟ್ಯೂಬ್ ಕ್ಯಾಮೆರಾದವರು ನಿಮ್ಮಂಥ ನೆಲೆಯಾದ ವ್ಯಾಪಾರಿಗಳನ್ನೇ ಹುಡುಕಿಕೊಂಡು ಬರುತ್ತಾರೆ ಎಂಬುದು ಗುಟ್ಟಿನ ಮಾತಲ್ಲ. ಹೆಸರಿಲ್ಲದ ಪರೀಕ್ಷಕನ ಕೈಗೆ ಗೋಡೆಯ ಮೇಲಿನ ಅಂಕ ಕೊಟ್ಟರೆ, ‘ಐದು ಸಾವಿರ ಕೊಡಿ, ಒಳ್ಳೆಯ ವರದಿ ಬರೆಯುತ್ತೇನೆ’ ಎನ್ನುವುದಿಲ್ಲವೇ? ಪರೀಕ್ಷಕನಿಗೆ ಯಾರು ಹಣ ಕೊಡುತ್ತಾರೆ ಎಂಬುದರ ಮೇಲೆ ವರದಿಯ ಸತ್ಯ ನಿಂತಿರುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಪುರಾವೆಯಿದೆ. ಗುಜರಾತಿನಲ್ಲಿ ಕಾರ್ಖಾನೆಗಳ ಮಾಲಿನ್ಯ ಅಳೆಯುವ ಆಡಿಟರ್‌ಗಳನ್ನು ಕಾರ್ಖಾನೆಗಳೇ ಆರಿಸಿ ಹಣ ಕೊಡುತ್ತಿದ್ದವು. ಬಹಳಷ್ಟು ವರದಿಗಳು ಮಿತಿಯ ಸ್ವಲ್ಪವೇ ಕೆಳಗೆ ಬಂದು ನಿಲ್ಲುತ್ತಿದ್ದವು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ, ಒಂದಷ್ಟು ಕಾರ್ಖಾನೆಗಳಿಗೆ ಚೀಟಿ ಎತ್ತಿದ ಹಾಗೆ ಆಡಿಟರ್‌ಗಳನ್ನು ಹಂಚಿದರು, ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟರು, ಕೆಲವು ವರದಿಗಳನ್ನು ಮತ್ತೆ ಹೋಗಿ ತಾಳೆ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವರದಿಗಳು ನಿಜದ ಹತ್ತಿರ ಬಂದವು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ನಿಮಗೆ ಬೇಕಾದದ್ದು ಇದೇ ಏರ್ಪಾಟು. ಪ್ರತಿ ಬಂಕೂ ಒಂದು ನಿಧಿಗೆ ವಂತಿಗೆ ಹಾಕಲಿ. ಯಾವ ಗಿರಾಕಿ ಯಾವ ಬಂಕಿಗೆ ಎಂಬುದು ಚೀಟಿಯಲ್ಲಿ ಬರಲಿ, ಮಾಗಡಿಯವರು ಚನ್ನಪಟ್ಟಣಕ್ಕೆ, ಕನಕಪುರದವರು ರಾಮನಗರಕ್ಕೆ ಹೋಗಲಿ. ವರದಿ ಒಳ್ಳೆಯದಿರಲಿ ಕೆಟ್ಟದಿರಲಿ ಭತ್ಯೆ ಒಂದೇ ಇರಲಿ. ಸಮಯ ತೋರಿಸುವ ಬಿಲ್ ಇಲ್ಲದ ವರದಿ ಲೆಕ್ಕಕ್ಕೆ ಬೇಡ. ಒಬ್ಬರದೇ ವರದಿ ಗೋಡೆಗೆ ಹೋಗದಿರಲಿ, ಬೇರೆಬೇರೆ ದಿನ ಬಂದ ಇಬ್ಬರೋ ಮೂವರೋ ಒಂದೇ ಮಾತು ಹೇಳಿದಾಗ ಹೋಗಲಿ. ಪಕ್ಕದಲ್ಲೇ ನಿಮ್ಮ ಉತ್ತರಕ್ಕೆ ಜಾಗವಿರಲಿ. ವಸೂಲಿಗಾರನಿಗೆ ಮಾರಲು ಏನಾದರೂ ಗುಟ್ಟು ಬೇಕು. ಎಲ್ಲವೂ ಗೋಡೆಯ ಮೇಲಿದ್ದರೆ ಅವನ ಅಂಗಡಿ ನಡೆಯುವುದಿಲ್ಲ.

ಬಂಕಿನ ಹುಡುಗರ ಮೇಲೆ ಗೂಢಚಾರಿಕೆ ಎಂಬ ಮಾತೂ ಬರುತ್ತದೆ, ಅದು ನ್ಯಾಯವಾದ ಆತಂಕ. ಹೊಗೆ, ವಾಸನೆ, ಬಿಸಿಲಿನಲ್ಲಿ ಪಾಳಿಯುದ್ದಕ್ಕೂ ನಿಲ್ಲುವವರು ಅವರು. ವರದಿ ಬಂದ ದಿನ ಮೊದಲು ಕೆಲಸ ಹೋಗುವುದೂ ಅವರದೇ. ಅದಕ್ಕೆ ವರದಿಯಲ್ಲಿ ಹುಡುಗನ ಹೆಸರಾಗಲಿ ಫೋಟೋ ಆಗಲಿ ಇರಕೂಡದು. ಬಂಕಿಗೆ ಅಂಕ, ಆಳಿಗಲ್ಲ. ದುಬಾರಿ ಪೆಟ್ರೋಲ್, ಆಯಿಲ್ ಡಬ್ಬಿಗಳ ಟಾರ್ಗೆಟ್ ಮೇಲಿನಿಂದ ಇಳಿದು ಕೊನೆಗೆ ಹುಡುಗನ ತಲೆಯ ಮೇಲೆ ಕೂರುತ್ತದೆ ಎಂಬುದು ನಿಮಗೂ ಗೊತ್ತು, ಕಂಪನಿಗೂ ಗೊತ್ತು. ಹತ್ತು ಬಂಕುಗಳಲ್ಲಿ ಒಂದೇ ಬಗೆಯ ಒತ್ತಾಯ ಕಂಡುಬಂದರೆ ಅದು ಹುಡುಗರ ತಪ್ಪಲ್ಲ ಎಂಬುದಕ್ಕೆ ವರದಿಯೇ ದಾಖಲೆಯಾಗುತ್ತದೆ, ಕಂಪನಿಯ ಎದುರು ನೀವು ಹಿಡಿದು ತೋರಿಸಬಹುದಾದ ದಾಖಲೆ.

ಕಮಿಷನ್ ಸಾಲದು ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಲೆ ಕಟ್ಟುವುದು ನೀವಲ್ಲ, ತೆರಿಗೆ ಹಾಕುವುದು ನೀವಲ್ಲ, ಕಮಿಷನ್ ಗೊತ್ತು ಮಾಡುವುದೂ ನೀವಲ್ಲ. ಬಹುಕಾಲ ಕಾದ ಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಲೀಟರ್ ಪೆಟ್ರೋಲಿಗೆ 65 ಪೈಸೆ, ಡೀಸೆಲಿಗೆ 44 ಪೈಸೆ ಏರಿತು. 2017ರ ಜೂನ್ 16ರಿಂದ ಬೆಲೆ ದಿನಕ್ಕೊಮ್ಮೆ ಬದಲಾಗುವ ವ್ಯವಸ್ಥೆ ಬಂದು, ದುಬಾರಿಗೆ ಕೊಂಡು ಟ್ಯಾಂಕು ತುಂಬಿಸಿದ ಮರುದಿನ ಬೆಲೆ ಇಳಿದರೆ ನಷ್ಟ ನಿಮ್ಮದು. ಹಳೆಯ ರಸ್ತೆಯ ಬಂಕಿಗೆ ಇವೆಲ್ಲದರ ಮೇಲೆ ಗಿರಾಕಿಯೂ ಕಡಿಮೆ. ಆದರೆ ಯೋಚಿಸಿ: ಬೆಲೆ ಎಲ್ಲ ಬಂಕಿನಲ್ಲೂ ಹೆಚ್ಚುಕಡಿಮೆ ಒಂದೇ, ಮಾಲು ಒಂದೇ. ಸ್ಪರ್ಧಿಸಲು ನಿಮಗೆ ಉಳಿದಿರುವುದು ನಂಬಿಕೆ ಮತ್ತು ನಡವಳಿಕೆ ಎರಡೇ. ಎಕ್ಸ್‌ಪ್ರೆಸ್‌ವೇಯಿಂದ ಇಳಿದು ಒಳಗೆ ಬರಲು ಗಾಡಿಯವನಿಗೆ ಒಂದು ಕಾರಣ ಬೇಕು. ಚನ್ನಪಟ್ಟಣದ ಗೊಂಬೆಗೆ ಊರಿನ ಹೆಸರಿನ ಜಿಐ ಮುದ್ರೆ ಇರುವುದರಿಂದ ನಕಲಿಯ ನಡುವೆ ಅಸಲಿಯನ್ನು ಹುಡುಕಿಕೊಂಡು ಬರುವವರಿದ್ದಾರೆ. ಪೆಟ್ರೋಲಿಗೆ ಅಂಥ ಮುದ್ರೆ ದೆಹಲಿಯಿಂದ ಬರುವುದಿಲ್ಲ, ಬರುವುದಿದ್ದರೆ ನಿಮ್ಮ ಗೋಡೆಯಿಂದ.

ಗೋಡೆಯ ಮೇಲೆ ಯಾಕೆ, ವರದಿ ನಮಗೆ ಕೊಟ್ಟರೆ ಸಾಲದೇ ಎಂದರೆ, ಸಾಲದು. ಮುಚ್ಚಿದ ವರದಿಯಿಂದ ಕಂಪನಿಗೆ ಪ್ರಯೋಜನವಿದೆ. ದಂಡ ಹಾಕುವುದಕ್ಕೆ, ಅಂಕ ಕೊಡುವುದಕ್ಕೆ, ಡೀಲರನ್ನು ಹಿಡಿತದಲ್ಲಿಡುವುದಕ್ಕೆ. ಊರಿನ ಅನುಮಾನ ಅದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕೊಳ್ಳುವವನೂ ಪರೀಕ್ಷಕನಾಗಬಹುದು ಎಂಬುದು ನಮ್ಮ ಕಾನೂನಿಗೆ ಹೊಸದಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಡಿ ಯಾವ ಗ್ರಾಹಕನೂ ತಾನು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ವಿಶ್ಲೇಷಕರ ಬಳಿ ಪರೀಕ್ಷೆ ಮಾಡಿಸಬಹುದು, ದೋಷ ಕಂಡರೆ ಶುಲ್ಕ ವಾಪಸ್ಸು. ಪೆಟ್ರೋಲಿಗೆ ಅಂಥ ಕಲಮು ಬರಲಿ ಎಂದು ಕಾಯುವ ಅಗತ್ಯ ನಿಮಗಿಲ್ಲ.

ಶುರು ಮಾಡಲು ಹೊಸ ಸಂಘವೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಗ್ರಾಹಕ ಸಂರಕ್ಷಣಾ ಪರಿಷತ್ತು ಇರಬೇಕು, ವರ್ಷಕ್ಕೆ ಎರಡು ಸಭೆಯಾದರೂ ನಡೆಯಬೇಕು. ರಾಮನಗರ ಎಂದಿದ್ದ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೆಸರು ಬದಲಾದರೂ ಪರಿಷತ್ತಿನ ಹೊಣೆ ಬದಲಾಗಿಲ್ಲ. ನಿಧಿಯನ್ನೂ ಚೀಟಿ ಎತ್ತುವ ಕೆಲಸವನ್ನೂ ಅದರ ಕೈಗೆ ಕೊಟ್ಟರೆ ನಿಮ್ಮ ಕೈಯಲ್ಲೂ ಇರುವುದಿಲ್ಲ, ಕಂಪನಿಯ ಕೈಯಲ್ಲೂ ಇರುವುದಿಲ್ಲ. ಗಿರಾಕಿಗಳನ್ನು ನಾಲ್ಕೂ ಊರಿನ ಕಾಲೇಜುಗಳಿಂದ, ಆಟೋ ನಿಲ್ದಾಣಗಳಿಂದ, ಸ್ತ್ರೀಶಕ್ತಿ ಗುಂಪುಗಳಿಂದ ಆರಿಸಬಹುದು. ಎಲ್ಲ ಬಂಕುಗಳೂ ಮೊದಲ ದಿನವೇ ಸೇರಬೇಕೆಂದಿಲ್ಲ. ಊರಿಗೆ ಎರಡರಂತೆ ಎಂಟು ಬಂಕು ಸಾಕು, ಮೊದಲ ವರ್ಷ ಮೂರೇ ಪ್ರಶ್ನೆ ಇಡಿ: ಕೇಳದೆಯೇ ಸೊನ್ನೆ ತೋರಿಸಿದರೇ, ಕೇಳಿದಾಗ ಐದು ಲೀಟರಿನ ಮಾಪಕ ಬಂತೇ, ಹೆಂಗಸರ ಶೌಚಾಲಯ ತೆರೆದಿತ್ತೇ. ಮುಂದಿನ ಪರಿಷತ್ತಿನ ಸಭೆಗೆ ಮೊದಲು ನಿಮ್ಮಲ್ಲಿ ಎಂಟು ಮಂದಿ ಸಹಿ ಮಾಡಿದ ಒಂದು ಪುಟದ ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಲಿ, ಅದರ ಪ್ರತಿಯೊಂದನ್ನು ಕಂಪನಿಗಳ ಪ್ರಾದೇಶಿಕ ಕಚೇರಿಗಳಿಗೂ ಕಳಿಸಿ.

ಇಂತಿ,
ನಿಮ್ಮ ಗಿರಾಕಿಗಳಲ್ಲೊಬ್ಬ